ಬೈಗುಳ ಕ್ಲಾಸಿನ ಗದರಕ್ಕ

“ಬಾಯಲ್ಲಿ ಏನಿಟ್ಕೊಂಡಿದೀಯ? ಜೋರಾಗಿ ಹೇಳು!”

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೆಣ್ಣುಮಕ್ಕಳ ಹಾಸ್ಟೆಲಿನ ಊಟದ ಹಾಲಿನಲ್ಲಿ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿದೆ, ಅದೂ ಕಣ್ಣು ಹೊಡೆಯುತ್ತಾ. ಉದ್ದನೆಯ ಮೇಜಿನ ಹಿಂದೆ, ಗಾಜಿಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಒಬ್ಬ ಹೆಂಗಸು ಕೂತಿದ್ದಾರೆ. ಎದುರಿಗೆ ಎರಡು ಜಡೆಯ ಹುಡುಗಿ, ಕೈಯಲ್ಲಿ ಖಾಲಿ ಹಾಳೆ. ಆ ಹಾಳೆಯೇ ಅರ್ಜಿ, ಆ ಮೇಜೇ ಸರ್ಕಾರಿ ಕಚೇರಿಯ ಕಿಟಕಿ.

“ಸರ್, ಅದೂ... ವಾಸದ ಸರ್ಟಿಫಿಕೇಟು...”

“ಇವತ್ತಾಗಲ್ಲ. ನಾಳೆ ಬಾ.”

“ಸರಿ ಸರ್.”

ಮೇಜಿನ ಮೇಲೆ ಅಂಗೈ ಬಡಿದ ರಭಸಕ್ಕೆ ಸ್ಟೀಲ್ ಲೋಟಗಳು ಕುಣಿಯುತ್ತವೆ. “ಏನು ಸರಿ? ಯಾವುದು ಸರಿ? ಯಾಕಾಗಲ್ಲ ಅಂತ ಕೇಳೋಕೆ ನಿನ್ನ ನಾಲಿಗೆಗೆ ಲಕ್ವಾ ಹೊಡ್ದಿದೆಯಾ? ನಾಳೆ ಎಷ್ಟು ಗಂಟೆಗೆ ಬರ್ಲಿ, ಯಾರನ್ನ ಕೇಳ್ಲಿ, ಏನೇನು ತರ್ಲಿ? ಹಿಂದಕ್ಕೆ ಹೋಗು. ಬಾಗಿಲಿಂದ ಮತ್ತೆ ಬಾ.”

ಬೆಂಚಿನ ಮೇಲೆ ಸಾಲಾಗಿ ಕೂತ ಹನ್ನೆರಡನೇ ತರಗತಿಯ ಹುಡುಗಿಯರು ಮುಸಿಮುಸಿ ನಗುತ್ತಾರೆ. ಒಬ್ಬಳು ಧೈರ್ಯ ಮಾಡಿ ಹೇಳುತ್ತಾಳೆ, “ಅಕ್ಕ, ನಿಜವಾದ ಗುಮಾಸ್ತರು ಇಷ್ಟೊಂದು ಬೈಯಲ್ಲ.”

“ಬೈಯದಿದ್ರೆ ನಿನಗೇ ಲಾಭ. ನನ್ನ ಹತ್ರ ಬೈಸ್ಕೊಂಡು ಹೋದವಳಿಗೆ ಹೊರಗಿನವರ ಬೈಗುಳ ಜೋಗುಳ ಇದ್ದಂಗಿರ್ಬೇಕು.”

ಇವರು ಹಾಸ್ಟೆಲಿನ ವಾರ್ಡನ್. ಹುಡುಗಿಯರ ಬಾಯಲ್ಲಿ ಗದರಕ್ಕ. ನಸುಕಿನ ಈ ಒಂದು ಗಂಟೆಗೂ ಹುಡುಗಿಯರೇ ಹೆಸರಿಟ್ಟಿದ್ದಾರೆ: ಬೈಗುಳ ಕ್ಲಾಸು. ವೇಳಾಪಟ್ಟಿಯಲ್ಲಿ ಇದಿಲ್ಲ, ಇದಕ್ಕೆ ಅಂಕವಿಲ್ಲ, ಸಂಬಳವಂತೂ ಮೊದಲೇ ಇಲ್ಲ.

ಗದರಕ್ಕ ಇವತ್ತು ಎಂದಿನಂತಿಲ್ಲ. ಬೈಯುವಾಗಲೂ ಕಣ್ಣು ಕಿಟಕಿಯಾಚೆಯ ಗೇಟಿನ ಮೇಲೆ. ಗೇಟು ಗಾಳಿಗೆ ಕಿರ್ರೆಂದರೆ ಕುರ್ಚಿಯಿಂದ ಅರ್ಧ ಏಳುತ್ತಾರೆ, ಮತ್ತೆ ಕೂರುತ್ತಾರೆ. ಹೋದ ವರ್ಷ ಇದೇ ಬೆಂಚಿನಲ್ಲಿ ಕೂತಿದ್ದ ಹುಡುಗಿಯೊಬ್ಬಳು ಇವತ್ತು ಬರಬೇಕು. ಪಟಾಕಿ ಎಂದು ಎಲ್ಲರೂ ಕರೆಯುವ ಅವಳಿಗೆ ಎರಡು ತಾಸು ದೂರದ ಊರಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೀಟು ಸಿಕ್ಕಿದೆ. ಸೇರಲು ಇವತ್ತೇ ಕೊನೆ ದಿನ. ಮೂಲ ಅಂಕಪಟ್ಟಿ ಶಾಲೆಯ ಕಚೇರಿಯಲ್ಲಿದೆ, ಅವಳೇ ಬಂದು ಸಹಿ ಹಾಕಿ ಒಯ್ಯಬೇಕು. ಮಧ್ಯಾಹ್ನದ ಬಸ್ಸು ತಪ್ಪಿದರೆ ಸೀಟು ಇನ್ನೊಬ್ಬರ ಪಾಲು. ಅವಳು ಮಾತ್ರ ಹೋದ ವಾರ ನಾಲ್ಕು ದಿನಕ್ಕೆಂದು ಮನೆಗೆ ಹೋದವಳು ಇನ್ನೂ ತಿರುಗಿ ಬಂದಿಲ್ಲ.

ಈ ಶಾಲೆಯ ಫಲಿತಾಂಶ ಬಂದಾಗಲೆಲ್ಲ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಮೊದಲ ಸ್ಥಾನದ ಹುಡುಗಿ, ಪಕ್ಕದಲ್ಲಿ ಮುಖ್ಯೋಪಾಧ್ಯಾಯಿನಿ, ಹಿಂದೆ ಹಲ್ಲು ಕಿರಿದು ನಿಂತ ಆಡಳಿತ ಮಂಡಳಿ. ಆಮೇಲೆ ಆ ಹುಡುಗಿ ಎಲ್ಲಿಗೆ ಹೋದಳು, ಏನಾದಳು ಎಂದು ಆ ಹಲ್ಲು ಕಿರಿದವರಲ್ಲಿ ಒಬ್ಬರಾದರೂ ಕೇಳಿದ್ದುಂಟೇ? ಮಗುವಿಗೆ ಹನ್ನೆರಡು ವರ್ಷ ಕೈಕಟ್ಟು, ಬಾಯ್ಮುಚ್ಚು, ತಲೆ ತಗ್ಗಿಸು ಎಂದು ಹೇಳಿಕೊಡುತ್ತೇವೆ. ಹದಿಮೂರನೇ ವರ್ಷ ಗೇಟಿನಾಚೆ ದಬ್ಬಿ, ಹೋಗು, ಧೈರ್ಯವಾಗಿ ಬದುಕು ಎನ್ನುತ್ತೇವೆ. ಧೈರ್ಯವೇನು ಮರದಿಂದ ಉದುರುತ್ತದೆಯೇ?

ಗದರಕ್ಕನಿಗೆ ಉದುರಿರಲಿಲ್ಲ. ಅವರೂ ಒಳ್ಳೆಯ ಅಂಕ ತೆಗೆದು ಶಾಲೆ ಮುಗಿಸಿದವರೇ. “ಟ್ರಂಕು ಹಿಡ್ಕೊಂಡು ಮನೆಗೆ ಬಂದೆ. ಮುಂದೇನು ಅಂತ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಕೇಳ್ಬಹುದು ಅಂತಾನೇ ಗೊತ್ತಿರ್ಲಿಲ್ಲ ಅನ್ನಿ. ಟ್ರಂಕಿಂದ ಬಟ್ಟೆ ತೆಗೆಯೋ ಮೊದಲೇ ಮದುವೆ ಗೊತ್ತಾಗಿತ್ತು,” ಎನ್ನುತ್ತಾರೆ, ಬರೆದುಕೊಳ್ಳುತ್ತಿರುವ ನನ್ನ ಕಡೆ ತಿರುಗಿ. ಗಂಡ ನೀರೆತ್ತುವ ಮೋಟಾರು ರಿಪೇರಿ ಮಾಡುವವರು, ಮೆದು ಮಾತಿನ ಮನುಷ್ಯ. “ಅವರ ಮೇಲೆ ದೂರಿಲ್ಲ. ಮನೆಯೊಳಗೆ ಬೈಯೋಕೆ ಅವಕಾಶ ಸಿಗದೇ ಇದ್ದದ್ದಕ್ಕೇ ಇಲ್ಲಿ ಬೈತೀನೋ ಏನೋ!”

ಕ್ಲಾಸು ಶುರುವಾದದ್ದು ಒಬ್ಬ ಹುಡುಗಿಯ ಅಳುವಿನಿಂದ. ಗದರಕ್ಕ ಆಗಷ್ಟೇ ಕೆಲಸಕ್ಕೆ ಸೇರಿದ್ದರು. ಲೆಕ್ಕದಲ್ಲಿ ಶಾಲೆಗೇ ಮೊದಲಿಗಳಾಗಿದ್ದವಳು ಕಾಲೇಜಿಗೆ ಅರ್ಜಿ ಕೊಡಲು ಹೋದಳು. ಕಿಟಕಿಯ ಹಿಂದಿದ್ದವನು ತಲೆ ಎತ್ತದೆ “ಆಚೆ ಹೋಗು” ಎಂದ. ಅವಳು ಆಚೆ ಹೋದಳು. ಹೋದವಳು ಸೀದಾ ಬಸ್ಸು ಹತ್ತಿ ಹಾಸ್ಟೆಲಿಗೆ ಬಂದಳು. ಆಚೆ ಹೋಗು ಎಂದರೆ ಪಕ್ಕದ ಕಿಟಕಿಗೆ ಹೋಗು ಎಂದರ್ಥ, ಅಷ್ಟೇ. ಆ ಹುಡುಗಿಗೆ ಅದು ಭೂಮಿಯಿಂದಾಚೆ ಹೋಗು ಎಂದಂತೆ ಕೇಳಿಸಿತ್ತು. ಮರುದಿನ ಗಡುವು ಮುಗಿದಿತ್ತು.

“ಅವತ್ತು ನನಗೆ ಬಂದ ಸಿಟ್ಟು ಆ ಗುಮಾಸ್ತನ ಮೇಲಲ್ಲ. ನಮ್ಮ ಮೇಲೆ. ಒಂದು ಗದರಿಕೆ ತಡ್ಕೊಳೋಕೆ ಬರ್ದಿರೋ ಮಗೂನ ತಯಾರು ಮಾಡಿಟ್ಟು, ಲೆಕ್ಕದಲ್ಲಿ ಮೊದಲು ಬಂದ್ಳು ಅಂತ ಕುಣೀತಿದ್ವಿ.”

ಅಂದಿನಿಂದ ಗದರಕ್ಕ ದಿನಕ್ಕೊಬ್ಬರಾಗುತ್ತಾರೆ. ಬಾಡಿಗೆ ಮನೆಯ ಮಾಲೀಕ, ಬಸ್ಸಿನಲ್ಲಿ ಬೇಕೆಂದೇ ಒರಗುವ ಗಂಡಸು, ಮೊದಲ ದಿನವೇ ಕೊರೆಯುವ ಮೇಲಧಿಕಾರಿ, ಸಂದರ್ಶನದಲ್ಲಿ “ಮದುವೆ ಯಾವಾಗ?” ಎನ್ನುವ ಮಹಾನುಭಾವ. ಹುಡುಗಿಯರು ಉತ್ತರ ಕೊಡಬೇಕು. ಅತ್ತರೆ ಅಳಲು ಬಿಡುತ್ತಾರೆ, ಮುಗಿದ ಮೇಲೆ ಮತ್ತೆ ಬಾಗಿಲಿಂದ ಬರಬೇಕು. ನಡುನಡುವೆ ಫ್ಯೂಸ್ ಹಾಕುವುದು, ಬಾಡಿಗೆ ಕರಾರು ಓದುವುದು, ಜ್ವರ ಬಂದರೆ ಒಬ್ಬಳೇ ಡಾಕ್ಟರ ಮುಂದೆ ಕೂತು ಎಲ್ಲಿ ನೋವು ಎಂದು ನಾಚದೆ ಹೇಳುವುದು. ಅರವತ್ತು ಹುಡುಗಿಯರ ಊಟ, ನೀರು, ಕೆಟ್ಟ ನಲ್ಲಿ, ಕಳೆದ ಚಪ್ಪಲಿ, ಮುನಿಸು, ಎಲ್ಲ ನೋಡಿಕೊಂಡು ಉಳಿದ ಹೊತ್ತಿನಲ್ಲಿ ಇದು.

ಅವರದೊಂದು ಕಟ್ಟುನಿಟ್ಟು: ಹುಡುಗಿಯರ ಪರವಾಗಿ ತಾನು ಎಲ್ಲೂ ಬಾಯಿ ಹಾಕುವುದಿಲ್ಲ. ಜೊತೆಗೆ ಹೋಗಿ ನಿಲ್ಲುತ್ತಾರೆ, ಮಾತಾಡುವುದಿಲ್ಲ. “ಇವತ್ತು ನಾನು ಮಾತಾಡಿದ್ರೆ, ನಾನಿಲ್ಲದ ಕಡೆ ಇವಳಿಗೆ ಯಾರು ಮಾತಾಡ್ತಾರೆ? ನನ್ನ ನಾಲಿಗೆ ಕತ್ತರಿಸಿ ಇವಳಿಗೆ ಅಂಟಿಸೋಕಾಗುತ್ತಾ?”

ಬೈಗುಳ ಕ್ಲಾಸಿನ ರಾಣಿ ಎಂದರೆ ಪಟಾಕಿ. ಗದರಕ್ಕ ಒಂದು ಎಂದರೆ ಅವಳು ಮೂರು. ಹಳೇ ಟಿಕೆಟ್ ತೋರಿಸಿ ಸುಳ್ಳು ಹೇಳುತ್ತೀಯಾ ಎಂದ ಕಂಡಕ್ಟರನನ್ನು ನಿಲ್ದಾಣದ ಅಧಿಕಾರಿಯ ತನಕ ನಡೆಸಿಕೊಂಡು ಹೋದವಳು. ಪರೀಕ್ಷೆ ಮುಗಿದ ಮೇಲೂ ಅವಳು ಹಾಸ್ಟೆಲಿನಲ್ಲೇ ಉಳಿದು, ಕಿರಿಯರ ಕ್ಲಾಸಿನಲ್ಲಿ ಗುಮಾಸ್ತನ ಪಾತ್ರವನ್ನೂ ಮಾಡುತ್ತಿದ್ದಳು. ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿದ್ದು ಟೈರ್ ಅಂಗಡಿಯ ಚಿಕ್ಕಪ್ಪ.

ಆ ಚಿಕ್ಕಪ್ಪ ಹೋದ ವಾರ ಬಂದರು. ದನಿ ಏರಿಸಲಿಲ್ಲ. ತಲೆ ಸವರಿದರು. “ಬಲವಂತ ಏನಿಲ್ಲ ಪುಟ್ಟಾ. ನಿನ್ನ ಚಿಕ್ಕಮ್ಮನಿಗೆ ಬೆನ್ನು ಆಪರೇಷನ್ ಆಗಿದೆ, ಏಳೋ ಹಾಗಿಲ್ಲ. ಮಕ್ಕಳಿಬ್ಬರೂ ಅಕ್ಕ ಅಕ್ಕ ಅಂತ ನಿನ್ನನ್ನೇ ಕೇಳ್ತಾವೆ. ನಾಲ್ಕು ದಿನ ಬಂದು ಮುಖ ತೋರಿಸಿ ಹೋಗು. ಆಗಲ್ಲ ಅಂದ್ರೆ ಬಿಡು, ಬೇಜಾರಿಲ್ಲ. ನಾನು ಹೇಗೋ ಸಂಭಾಳಿಸ್ತೀನಿ.”

ಪಟಾಕಿ ಸೀದಾ ಒಳಗೆ ಹೋದಳು. ಕಣ್ಣು ತುಂಬಿಕೊಂಡು ಬ್ಯಾಗು ತಂದಳು. ಜಗುಲಿಯಲ್ಲಿ ನಿಂತಿದ್ದ ಗದರಕ್ಕ ಅವಳು ಗೇಟು ದಾಟುವ ತನಕ ನೋಡಿದರು.

“ಅವಳು ಹೋದ್ಮೇಲೆ ಹೊಳೀತು ನೋಡಿ. ಇಷ್ಟು ವರ್ಷ ಬೈಯೋರಿಗೆ ಹೇಗೆ ಉತ್ತರ ಕೊಡ್ಬೇಕು ಅಂತ ಕಲಿಸಿದೆ. ಮುದ್ದು ಮಾಡಿ ಕೇಳೋರಿಗೆ ಏನು ಹೇಳ್ಬೇಕು ಅಂತ ಒಂದಿನಾನೂ ಕಲಿಸ್ಲಿಲ್ಲ. ಗದರೋಕೆ ಗೊತ್ತು ಅಂತ ಗದರಿದ್ದೇ ಗದರಿದ್ದು! ಅರ್ಧ ಪಾಠ ಮಾಡಿ ಮಕ್ಕಳನ್ನ ಆಚೆ ಕಳಿಸ್ಬಿಟ್ಟಿದ್ದೆ.”

ಅರ್ಧ ಪಾಠಕ್ಕೆ ಉಳಿದರ್ಧ ಜೋಡಿಸಲು ಹೊಸ ಮೇಷ್ಟ್ರು ಬೇಕಿತ್ತು. ಮುದ್ದು ಮಾತು ಗದರಕ್ಕನ ನಾಲಿಗೆಗೆ ಒಗ್ಗುವುದಿಲ್ಲ. ಪ್ರಯತ್ನಿಸಿದರು, ಹುಡುಗಿಯರು ಹೊಟ್ಟೆ ಹಿಡಿದು ನಕ್ಕರು. ಕೊನೆಗೆ ಹಿಂದಿನ ಕ್ವಾರ್ಟರ್ಸಿನಿಂದ ತಮ್ಮ ಅತ್ತೆಯನ್ನೇ ಕರೆತಂದರು. ಬೊಚ್ಚು ಬಾಯಿ, ಹತ್ತಿಯಂಥ ಕೂದಲು, ಸಕ್ಕರೆಯಂಥ ಮಾತಿನ ಅಜ್ಜಿ. ಸಂಗತಿ ಕೇಳಿ ಅಜ್ಜಿಗೆ ಖುಷಿಯೋ ಖುಷಿ. ಮೊದಲ ದಿನವೇ ಮೂವರು ಹುಡುಗಿಯರನ್ನು ಉರುಳಿಸಿದರು.

“ಬಾ ಮಗಳೇ, ಹತ್ರ ಕೂತ್ಕೋ. ಎಷ್ಟು ಸೊರಗಿದೀಯ! ನೀನು ದೂರದ ಊರಿಗೆ ಓದೋಕೆ ಹೋಗ್ತೀಯಂತೆ. ಹೋಗು, ಹೋಗು. ನಾನಿನ್ನೆಷ್ಟು ದಿನ ಇರ್ತೀನಿ. ತಿರುಗಿ ಬರೋ ಹೊತ್ತಿಗೆ ಅಜ್ಜಿ ಇದ್ರೆ ಇದ್ಲು.”

“ಅಯ್ಯೋ ಅಜ್ಜಿ, ಹಾಗನ್ಬೇಡಿ. ನಾನು ಹೋಗಲ್ಲ!”

“ಬಿದ್ಲು!” ಎಂದು ಇಡೀ ಬೆಂಚು ಕಿರುಚಿತು.

ಇನ್ನೊಬ್ಬಳು ಗಟ್ಟಿಯಾಗಿ ಬಂದಳು. “ಹೋಗಲೇಬೇಕು ಅಜ್ಜಿ, ಇಲ್ಲಿ ಕಾಲೇಜಿಲ್ಲ.”

“ಇದೆಯಲ್ಲ ಚಿನ್ನಾ, ಬಸ್ ನಿಲ್ದಾಣದ ಹಿಂದೆ.”

“ಅಲ್ಲಿ ನನ್ನ ಕೋರ್ಸಿಲ್ಲ.”

“ಬೇರೆ ತಗೋ. ಬುದ್ಧಿವಂತೆ ನೀನು, ಯಾವುದಾದ್ರೂ ಓದ್ತೀಯ.” ಮತ್ತೆ ಬೆಂಚು ಕಿರುಚಿತು.

ಹುಡುಗಿಯರು ಸುಮ್ಮನೆ ಬಿಡುವರೇ? “ನೀವು ಬನ್ನಿ ಅಕ್ಕ, ನೀವು ಹೇಳಿ ತೋರ್ಸಿ,” ಎಂದು ಎಬ್ಬಿಸಿದರು. ಗದರಕ್ಕ ಅತ್ತೆಯ ಮುಂದೆ ನಿಂತರು. ಅಜ್ಜಿ ಸೊಸೆಯ ಕೈ ಹಿಡಿದು, “ನನ್ನ ಬಗ್ಗೆ ಯೋಚನೆ ಮಾಡ್ಬೇಡ ಮಗಳೇ, ನೀನು ಹೋಗು,” ಎಂದರು. ಗದರಕ್ಕನ ಬಾಯಿ ತೆರೆಯಿತು, ಮಾತು ಹೊರಡಲಿಲ್ಲ. ಮದುವೆಯಾದ ಹೊಸತರಲ್ಲಿ ಅವರಿಗೆ ಶಿಕ್ಷಕರ ತರಬೇತಿಗೆ ಕರೆ ಬಂದಿತ್ತು. ಆಗಲೂ ಅತ್ತೆ ಇದೇ ಮಾತನ್ನು ಇದೇ ದನಿಯಲ್ಲಿ ಹೇಳಿದ್ದರು. ಗದರಕ್ಕ ಹೋಗಿರಲಿಲ್ಲ. ಅಜ್ಜಿಗೂ ಆ ಕ್ಷಣ ಅದು ನೆನಪಾಗಿರಬೇಕು. ಕೈ ಬಿಟ್ಟು ಸೆರಗಿನಲ್ಲಿ ಮೂಗು ಒರೆಸಿಕೊಂಡು, “ನಾನು ಒಳ್ಳೇದಕ್ಕೇ ಹೇಳಿದ್ದು ಕಣೇ,” ಎಂದರು.

“ಗೊತ್ತು ಅತ್ತೆ. ಅದಕ್ಕೇ ಕಷ್ಟ ಆಗಿದ್ದು,” ಎಂದರು ಗದರಕ್ಕ.

ಅತ್ತೆ ಸೊಸೆ ಅವತ್ತು ಹುಡುಗಿಯರ ಜೊತೆ ಕೂತು ಉಪಾಯ ಹುಡುಕಿದರು. ಹೇಳಿಕೊಟ್ಟದ್ದು ಅಜ್ಜಿಯೇ. “ನೀವು ಕಾರಣ ಹೇಳ್ತೀರಲ್ಲ, ಅದೇ ನಂಗೆ ಹಿಡಿ. ಒಂದೊಂದು ಕಾರಣಕ್ಕೂ ನನ್ನ ಹತ್ರ ಒಂದೊಂದು ಔಷಧಿ ಇರುತ್ತೆ. ಕಾರಣ ಕೊಡದೇ ಇದ್ರೆ ನಾನೇನು ಹಿಡ್ಕೊಂಡು ಜಗ್ಗಲಿ?” ಬೈಯುವವರ ಮುಂದೆ ಕಾರಣ ಕೇಳು, ಕಾರಣ ಕೊಡು. ಪ್ರೀತಿಯಿಂದ ಜಗ್ಗುವವರ ಮುಂದೆ ಪ್ರೀತಿಯಿಂದಲೇ ‘ಇಲ್ಲ’ ಎಂದು, ಅಲ್ಲಿಗೇ ನಿಲ್ಲಿಸು. ಕೇಳಲು ಸುಲಭ. ಒಮ್ಮೆ ನಿಮ್ಮ ಅಜ್ಜಿಯ ಮುಂದೆ ಮಾಡಿ ನೋಡಿ.

ಆದರೆ ಈ ಪಾಠ ನಡೆದಾಗ ಪಟಾಕಿ ಇಲ್ಲಿರಲಿಲ್ಲ. ನಿನ್ನೆ ಮಧ್ಯಾಹ್ನ ಅವಳೇ ಫೋನ್ ಮಾಡಿದಳು, ಪಿಸುದನಿಯಲ್ಲಿ. ಚಿಕ್ಕಪ್ಪ ಒಂದು ವರ್ಷ ನಿಂತು ಹೋಗು ಎನ್ನುತ್ತಿದ್ದಾರೆ. ಮುಂದಿನ ವರ್ಷ ತಾವೇ ಸೇರಿಸುತ್ತಾರಂತೆ. “ಅಕ್ಕ, ನೀವೊಂದು ಮಾತು ಹೇಳಿ ಚಿಕ್ಕಪ್ಪಂಗೆ. ನೀವು ಹೇಳಿದ್ರೆ ಕೇಳ್ತಾರೆ. ನನ್ನ ಕೈಲಿ ಆಗ್ತಿಲ್ಲ.”

“ನಾನು ಹೇಳಲ್ಲ,” ಎಂದರು ಗದರಕ್ಕ. “ನಿಂಗೆ ಹೋಗೋ ಆಸೆ ಇದೆಯಾ, ಅದನ್ನ ಹೇಳು ಮೊದಲು.”

“ಇದೆ ಅಕ್ಕ.”

“ಹಾಗಾದ್ರೆ ನೀನೇ ಹೇಳು. ಕಾರಣ ಕೊಡ್ಬೇಡ. ಜಗಳಾನೂ ಆಡ್ಬೇಡ. ಹೋಗ್ತೀನಿ ಅಂತ ಮಾತ್ರ ಹೇಳು.” ಅಷ್ಟರಲ್ಲಿ ಆ ಕಡೆ ಮಗು ಅತ್ತ ಸದ್ದು, ಫೋನ್ ಕಟ್ಟಾಯಿತು.

ಆಗಿನಿಂದ ಗದರಕ್ಕನ ಕಾಲು ನಿಂತ ಕಡೆ ನಿಲ್ಲುತ್ತಿಲ್ಲ. ಬೆಳಗಿನ ತಿಂಡಿ ಮುಟ್ಟಿಲ್ಲ. ಉಗ್ರಾಣದ ಬೀಗ ಹಾಕಿ ಮತ್ತೆ ತೆಗೆದು ಮತ್ತೆ ಹಾಕುತ್ತಾರೆ. ಚಪ್ಪಲಿ ಮೆಟ್ಟಿ ರಸ್ತೆಯ ತಿರುವಿನ ತನಕ ಹೋಗಿ ಬರುತ್ತಾರೆ. ಅಡುಗೆಯವಳು, “ಕೂತ್ಕೊಳ್ಳಿ ಅಕ್ಕ, ನಿಮ್ಮನ್ನ ನೋಡಿ ನನಗೆ ತಲೆ ಸುತ್ತುತ್ತೆ,” ಎಂದರೆ, “ಹಾಗಾದ್ರೆ ನೋಡ್ಬೇಡ!” ಎಂದು ಅವಳ ಮೇಲೆ ಹರಿಹಾಯುತ್ತಾರೆ.

ಹತ್ತು ಗಂಟೆಗೆ ಮುಖ್ಯೋಪಾಧ್ಯಾಯಿನಿ ಕರೆಸುತ್ತಾರೆ. ಬೈಗುಳ ಕ್ಲಾಸನ್ನು ಆಡಳಿತ ಮಂಡಳಿ ನಿಲ್ಲಿಸಲು ಹೊರಟಾಗ ಅಡ್ಡ ನಿಂತವರು ಇವರೇ. ಇವತ್ತು ಅವರ ತಾಳ್ಮೆಯ ಕಟ್ಟೆಯೂ ಒಡೆದಿದೆ. “ಶಾಲೆಯ ಜೀಪು ಕೊಡ್ತೀನಿ. ಹೋಗಿ ಕರ್ಕೊಂಡು ಬನ್ನಿ.”

“ಕರ್ಕೊಂಡು ಬಂದ್ರೆ ಬರ್ತಾಳೆ ಮೇಡಂ. ನಾಳೆ ಅವರು ಬಂದು ಕರೆದ್ರೆ ಅವರ ಹಿಂದೆ ಹೋಗ್ತಾಳೆ. ಹಗ್ಗ ಹಿಡಿದವರ ಹಿಂದೆ ಹೋಗೋಕೆ ಅವಳೇನು ಕುರಿ ಮರೀನಾ?”

“ನಿಮ್ಮ ಹಟ ದೊಡ್ಡದಾ, ಆ ಹುಡುಗಿ ದೊಡ್ಡೋಳಾ? ಸೀಟು ಹೋದ್ರೆ ನೀವು ವಾಪಸ್ ಕೊಡಿಸ್ತೀರಾ?”

ಗದರಕ್ಕ ಎದ್ದು ಹೊರಡುತ್ತಾರೆ. ಕಾರಿಡಾರಿಗೆ ಬಂದು ಗೋಡೆಗೆ ಒರಗುತ್ತಾರೆ. ಮೊದಲ ಬಾರಿಗೆ ದನಿ ತಗ್ಗುತ್ತದೆ. “ಮೇಡಂ ಹೇಳೋದು ಸರೀನೇ ಇರ್ಬಹುದು. ನಂದು ತಪ್ಪಾಗಿದ್ರೆ ಅದರ ಪೆಟ್ಟು ತಿನ್ನೋಳು ಅವಳು, ನಾನಲ್ಲ.” ಫೋನ್ ತೆಗೆಯುತ್ತಾರೆ. ನಂಬರಿನ ಮೇಲೆ ಬೆರಳಿಟ್ಟು ಹಾಗೇ ನೋಡುತ್ತಾರೆ. ಒತ್ತುವುದಿಲ್ಲ. ಒಳಗಿಡುವುದೂ ಇಲ್ಲ.

ಹನ್ನೊಂದೂವರೆಯ ಹೊತ್ತಿಗೆ ಗೇಟಿನಲ್ಲಿ ಸ್ಕೂಟರ್ ನಿಲ್ಲುತ್ತದೆ. ಚಿಕ್ಕಪ್ಪ, ಹಿಂದೆ ಪಟಾಕಿ. ಕೈಯಲ್ಲಿ ಹಣ್ಣಿನ ಚೀಲ.

“ಮಕ್ಕಳಿಗೆ ಹಂಚಿ ಅಮ್ಮಾ,” ಎಂದು ಚಿಕ್ಕಪ್ಪ ಚೀಲವನ್ನು ಗದರಕ್ಕನ ಕೈಗೆ ಕೊಡುತ್ತಾರೆ. ಬೆವರಿದ್ದಾರೆ, ಕಣ್ಣು ನಿದ್ದೆಗೆಟ್ಟು ಕೆಂಪಾಗಿವೆ. ಕೆಟ್ಟ ಮನುಷ್ಯನಲ್ಲ, ನೋಡಿದರೆ ಗೊತ್ತಾಗುತ್ತದೆ. “ಇವಳ ಅಂಕಪಟ್ಟಿ ತಗೊಂಡು ಹೋಗೋಣ ಅಂತ ಬಂದ್ವಿ. ಮನೇಲಿ ಭದ್ರವಾಗಿರುತ್ತೆ. ಮುಂದಿನ ವರ್ಷ ನಾನೇ ನಿಂತು ಸೇರಿಸ್ತೀನಿ.”

ಪಟಾಕಿ ಯಾರ ಮುಖವನ್ನೂ ನೋಡುವುದಿಲ್ಲ. ಕಚೇರಿಯಲ್ಲಿ ಸಹಿ ಹಾಕುತ್ತಾಳೆ. ಗುಮಾಸ್ತ ಲಕೋಟೆ ಕೊಡುತ್ತಾನೆ. ಚಿಕ್ಕಪ್ಪ ಕೈ ಚಾಚುತ್ತಾರೆ. ಅವಳು ಕೊಡುವುದಿಲ್ಲ. ಲಕೋಟೆಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿಯುತ್ತಾಳೆ.

“ಚಿಕ್ಕಪ್ಪ, ನಾನು ಇವತ್ತೇ ಕಾಲೇಜಿಗೆ ಹೋಗ್ತೀನಿ.”

ಚಿಕ್ಕಪ್ಪ ನಗುತ್ತಾರೆ. “ಬರೋ ವರ್ಷ ಅಂತ ಮಾತಾಡಿದ್ವಲ್ಲ ಪುಟ್ಟಾ.”

“ನೀವು ಮಾತಾಡಿದ್ರಿ. ನಾನು ಸುಮ್ಮನಿದ್ದೆ. ಈಗ ಹೇಳ್ತಿದೀನಿ, ಹೋಗ್ತೀನಿ.”

“ಮಕ್ಕಳು ಅಳ್ತಾವಲ್ಲ.”

“ಗೊತ್ತು ಚಿಕ್ಕಪ್ಪ.”

“ಚಿಕ್ಕಮ್ಮ ಏಳೋಕಾಗ್ದೆ ಮಲಗಿದಾಳೆ.”

“ಗೊತ್ತು. ಪ್ರತಿ ಭಾನುವಾರ ಬಂದು ಮಾಡಿಕೊಟ್ಟು ಹೋಗ್ತೀನಿ. ಇವತ್ತು ಹೋಗ್ತೀನಿ.”

“ಅಂಥ ಅವಸರ ಏನು? ಒಂದು ಕಾರಣ ಹೇಳು, ಒಪ್ಪಿಕೊಳ್ತೀನಿ.”

ಪಟಾಕಿಯ ತುಟಿ ತೆರೆಯುತ್ತದೆ. ತುಟಿ ಮುಚ್ಚುತ್ತದೆ. ಕೆನ್ನೆಯ ಮೇಲೆ ನೀರಿಳಿಯುತ್ತದೆ, ಒರೆಸಿಕೊಳ್ಳುವುದಿಲ್ಲ, ಲಕೋಟೆ ಹಿಡಿದ ಕೈ ಸಡಿಲಿಸುವುದಿಲ್ಲ.

ಚಿಕ್ಕಪ್ಪ ಗದರಕ್ಕನ ಕಡೆ ತಿರುಗುತ್ತಾರೆ. “ಅಮ್ಮಾ, ನಿಮ್ಮ ಮಾತು ಅಂದ್ರೆ ಇವಳಿಗೆ ಪ್ರಾಣ. ನೀವೊಂದು ಮಾತು ಹೇಳಿ.”

ಮುಖ್ಯೋಪಾಧ್ಯಾಯಿನಿಯ ಕಣ್ಣೂ ಅವರ ಮೇಲೆ. ಈಗಲಾದರೂ ಹೇಳಿ ಎನ್ನುವ ನೋಟ. ಒಂದೇ ಮಾತು ಸಾಕು, ಆ ಮನುಷ್ಯ ಬಗ್ಗುತ್ತಾರೆ. ಗದರಕ್ಕ ಕಿಟಕಿಯ ಸರಳು ಹಿಡಿದುಕೊಳ್ಳುತ್ತಾರೆ. ಕತ್ತಿನ ನರ ಉಬ್ಬುತ್ತದೆ. ಮಾತು ಮಾತ್ರ ಹೊರಗೆ ಬರುವುದಿಲ್ಲ.

ಆಗ ಚಿಕ್ಕಪ್ಪನ ದನಿ ಏರುತ್ತದೆ. “ಓಹೋ! ಎಲ್ಲಾ ಸೇರಿ ಕಿವಿ ಊದಿದೀರಾ? ಸಾಕಿದ್ದಕ್ಕೆ ಇದೇನೇ ನೀನು ತೀರಿಸೋ ಋಣ? ಅಪ್ಪ ಅಮ್ಮ ಹೋದಾಗ ನಿನಗೆ ಅನ್ನ ಹಾಕಿದೋನು ಯಾರು? ಹೇಳು!”

ಬೈಗುಳ ಬಿದ್ದದ್ದೇ ತಡ, ಹುಡುಗಿಯ ಬಾಗಿದ ಬೆನ್ನು ನೆಟ್ಟಗಾಗುತ್ತದೆ. ಒಂದು ವರ್ಷ ನಸುಕಿನಲ್ಲೆದ್ದು ಅಭ್ಯಾಸ ಮಾಡಿದ್ದು ಇದೇ ದನಿಯ ಮುಂದೆ. ಇದು ಅವಳಿಗೆ ತವರು.

“ನೀವೇ ಚಿಕ್ಕಪ್ಪ. ಅನ್ನ ಹಾಕಿದ್ದೂ ನೀವೇ, ಶಾಲೆಗೆ ಹಾಕಿದ್ದೂ ನೀವೇ. ನೀವು ಓದಿಸಿದ್ದು ಅರ್ಧಕ್ಕೆ ನಿಲ್ಲಬಾರ್ದು. ಅಕ್ಕ ಕಿವಿ ಊದಿಲ್ಲ. ನಿನ್ನೆ ಫೋನ್ ಮಾಡಿ, ನಿಮಗೆ ಹೇಳಿ ಅಂತ ಬೇಡ್ಕೊಂಡೆ. ಆಗಲ್ಲ ಅಂದ್ರು.” ಉಸಿರು ತೆಗೆದುಕೊಳ್ಳುತ್ತಾಳೆ. “ಹನ್ನೆರಡೂವರೆಗೆ ಬಸ್ಸು. ನನ್ನ ಬ್ಯಾಗು ಸ್ಕೂಟರ್ ಮೇಲಿದೆ, ತಗೊಳ್ತೀನಿ.”

ಚಿಕ್ಕಪ್ಪ ಬೆಂಚಿನ ಮೇಲೆ ಕುಸಿದು ಕೂರುತ್ತಾರೆ. ಗುಮಾಸ್ತ ನೀರು ಕೊಡುತ್ತಾನೆ, ಒಂದೇ ಗುಟುಕಿಗೆ ಕುಡಿಯುತ್ತಾರೆ. ಲೋಟ ಕೆಳಗಿಟ್ಟು ನೆಲ ನೋಡುತ್ತಾ, “ಭಾನುವಾರ ಬರ್ತೀಯಲ್ಲ?” ಎನ್ನುತ್ತಾರೆ.

“ಬರ್ತೀನಿ.”

ಅವರು ಎದ್ದು ಹೊರಗೆ ನಡೆಯುತ್ತಾರೆ, ಅವಳು ಸ್ಕೂಟರಿನಿಂದ ಬ್ಯಾಗು ಇಳಿಸಿಕೊಳ್ಳುತ್ತಾಳೆ. ಸ್ಕೂಟರನ್ನು ಸಿಟ್ಟಿನಿಂದ ಒದ್ದು ಸ್ಟಾರ್ಟ್ ಮಾಡಿ ಚಿಕ್ಕಪ್ಪ ಹೊರಟು ಹೋಗುತ್ತಾರೆ. ಭಾನುವಾರ ಆ ಮನೆಯ ಬಾಗಿಲು ತೆರೆದಿರುತ್ತದೆಯೋ ಇಲ್ಲವೋ, ಹೇಳಬಲ್ಲವರು ಯಾರೂ ಇಲ್ಲ.

ಬಸ್ಸು ನಿಲ್ಲುವ ಕಡೆ ಗದರಕ್ಕನೂ ಇದ್ದಾರೆ, ನಾಲ್ಕು ಹೆಜ್ಜೆ ದೂರದಲ್ಲಿ. ಪಟಾಕಿ ಕಂಡಕ್ಟರನನ್ನು ಏನೋ ಕೇಳುತ್ತಾಳೆ, ಅವನು ಏನೋ ಸಿಡುಕುತ್ತಾನೆ, ಅವಳು ಮತ್ತೆ ಕೇಳುತ್ತಾಳೆ, ಉತ್ತರ ಸಿಕ್ಕಿದ ಮೇಲೆ ಹತ್ತುತ್ತಾಳೆ. ಬಸ್ಸು ತಿರುವು ದಾಟಿದ ಮೇಲೂ ಗದರಕ್ಕ ನಿಂತೇ ಇದ್ದಾರೆ. ದಾರಿಯಲ್ಲಿ ಬಸ್ಸು ಕೆಟ್ಟರೆ? ಅಲ್ಲಿಯವರು ಇನ್ನೊಂದು ಕಾಗದ ಕೇಳಿದರೆ? ಕಾಲು ಮತ್ತೆ ಅತ್ತಿತ್ತ ಆಡತೊಡಗುತ್ತದೆ.

“ಗೆದ್ಲು, ಸಾಧಿಸಿದ್ಲು ಅಂತೆಲ್ಲ ಬರೆಯೋಕೆ ಹೋಗ್ಬೇಡಿ,” ಎನ್ನುತ್ತಾರೆ, ಎಂದಿನ ಗದರಿಕೆಯ ದನಿಯಲ್ಲೇ. “ಆ ಮಗು ಇವತ್ತು ಒಂದು ಬಸ್ಸು ಹತ್ತಿದೆ, ಅಷ್ಟೇ. ಸಾಕಿದ ಮನೆ ಮುನಿಸಿಕೊಂಡಿದೆ, ಆ ನೋವು ಅವಳ ಜೊತೆಗೇ ಹೋಗಿದೆ. ನನ್ನ ಬಗ್ಗೆ ಏನಾದ್ರೂ ಬರೀಲೇಬೇಕು ಅಂದ್ರೆ ಒಂದು ಬರೀರಿ. ಇಷ್ಟು ದೊಡ್ಡ ಬಾಯಿ ಇಟ್ಕೊಂಡು, ಅಷ್ಟು ಹೊತ್ತು, ನಾನು ಸುಮ್ಮನಿದ್ದೆ.”